ನನ್ನ ಹೆಸರಿನಲ್ಲಿ ಅವಳ ವರ್ಷ

ಶರಣಮ್ಮನಿಗೆ ಕೆಲಸ ಬರುವುದಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ತಿಳಿಯದೆ ಆಡಿದ್ದಲ್ಲ, ಬಾಯಿ ತಪ್ಪಿ ಬಂದದ್ದೂ ಅಲ್ಲ. ಆ ಮಾತಿನಿಂದ ಅವಳಿಗೆ ಏನಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು — ಗೊತ್ತಿದ್ದೇ ಹೇಳಿದೆ.

ನನ್ನ ಹೆಸರು ಪಂಪಣ್ಣ. ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಕೈಬರಹದ ಕಾಲದಿಂದ ಕಂಪ್ಯೂಟರಿನ ಕಾಲದವರೆಗೆ ಒಂದೇ ಕುರ್ಚಿಯಲ್ಲಿ ಸವೆದವನು. ಕೆಲವು ವರ್ಷಗಳ ಹಿಂದೆ ನಮ್ಮ ಸಾಹುಕಾರರು ಯಾವುದೋ ಸಭೆಗೆ ಹೋಗಿ ಬಂದರು. ಲೆಕ್ಕದ ಕೆಲಸಕ್ಕೆ ಹೊರಗೆ ಜನ ಹುಡುಕುವ ಬದಲು ಓದಿದವರನ್ನು ತಂದು ನಾವೇ ತಯಾರು ಮಾಡಿಕೊಳ್ಳಬೇಕಂತೆ, ಅದಕ್ಕೆ ಸರ್ಕಾರದ ಯೋಜನೆಯೂ ಇದೆಯಂತೆ. ಒಂದು ವರ್ಷ ತರಬೇತಿ; ಕೈ ಪಳಗಿದರೆ ಕಾಯಂ. ಕಲಿಸುವ ಹೊಣೆ ನನಗೆ ಬಂತು. ಹಾಗೆ ಬಂದವಳು ಶರಣಮ್ಮ. ಸಂತೆಕಲ್ಲೂರಿನ ಹುಡುಗಿ, ಬಿ.ಕಾಂ. ಮುಗಿಸಿದ್ದಳು. ಊರಿನಿಂದ ಮಸ್ಕಿಗೆ ಆಟೋ, ಮಸ್ಕಿಯಿಂದ ಸಿಂಧನೂರಿಗೆ ಬಸ್ಸು. ಹಣೆಯ ವಿಭೂತಿ ಬೆವರಿನಲ್ಲಿ ಅರ್ಧ ಅಳಿಸಿರುತ್ತಿತ್ತು.

ನಾನು ಮನಸ್ಸಿಟ್ಟು ಕಲಿಸಿದೆ. ಜಂಬಕ್ಕೆ ಹೇಳುತ್ತಿಲ್ಲ — ಕಲಿಸದೇ ಇದ್ದಿದ್ದರೆ ನನ್ನ ಪಾಪ ಸ್ವಲ್ಪ ಚಿಕ್ಕದಾಗುತ್ತಿತ್ತು. ಬ್ಯಾಂಕಿನ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ತಾಳೆ ನೋಡುವುದು, ಜವಳಗೇರಾದ ಕಡೆಯಿಂದ ಬರುವ ಭತ್ತದ ಟ್ರ್ಯಾಕ್ಟರುಗಳ ತೂಕದ ಚೀಟಿಯನ್ನು ಖರೀದಿಗೆ ಹೊಂದಿಸುವುದು, ಜಿಎಸ್‌ಟಿ ರಿಟರ್ನ್ ತುಂಬುವುದು. ತಪ್ಪಾದರೆ ಮುಖ ಸಣ್ಣದು ಮಾಡುತ್ತಿರಲಿಲ್ಲ. “ತಡೀರಿ ಸರ್, ಇನ್ನೊಮ್ಮಿ ಮಾಡ್ತೀನಿ” ಎನ್ನುವಳು. ನನ್ನ ಮನೆಯಲ್ಲೇ ನನ್ನ ಮಾತು ಕೇಳುವವರಿಲ್ಲ. ಇಲ್ಲಿ ಒಬ್ಬಳು ಕೇಳುತ್ತಿದ್ದಳು. ನನಗೆ ಅವಳನ್ನು ಕಂಡರೆ ಅಕ್ಕರೆ ಇತ್ತು. ಇದ್ದದ್ದು ನಿಜ. ಅದೇ ಹೇಳಲು ಕಷ್ಟವಾಗುತ್ತದೆ.

ಸಾಹುಕಾರರು ಮೊದಲ ದಿನವೇ ಕಂಪ್ಯೂಟರಿನಲ್ಲಿ ಅವಳ ಹೆಸರಿನ ಬೇರೆ ಲಾಗಿನ್ ಮಾಡಿಸಿದ್ದರು. ಯಾವ ಕೆಲಸವನ್ನು ಯಾರು ಮಾಡಿದರೆಂಬುದು ಅದರಿಂದ ಗೊತ್ತಾಗುತ್ತದೆ. ಪಾಸ್‌ವರ್ಡ್ ಅವಳಿಗೆ ಕೊಡಲೆಂದು ನನ್ನ ಕೈಗೆ ಬಂತು. ನಾನು ಕೊಡಲಿಲ್ಲ. ನಮ್ಮ ಕಡೆಯ ಗಿರಣಿ, ಅಡತಿ ಅಂಗಡಿಗಳಲ್ಲಿ ರೂಢಿಯೇ ಹಾಗೆ; ಯಾರ ಬೆರಳು ಆಡಿದರೂ ಹೆಸರು ಹಿರಿಯ ಗುಮಾಸ್ತನದು. “ನನ್ನದರಾಗ ಮಾಡವ್ವ, ತಪ್ಪಾದ್ರ ನಾ ತಿದ್ದತೀನಿ” ಎಂದೆ. ಆಗ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ. ಇರಲಿಲ್ಲ ಎಂದುಕೊಳ್ಳುತ್ತೇನೆ —

ಕೆಲವೇ ತಿಂಗಳಲ್ಲಿ ಕೆಲಸವೆಲ್ಲ ಅವಳೇ ಮಾಡತೊಡಗಿದಳು. ಸಾಹುಕಾರರು ಕೂರುವುದು ಮುಂದಿನ ತೂಕದ ಕೋಣೆಯಲ್ಲಿ. ನಮ್ಮ ಹಿಂದಿನ ಕೋಣೆಗೆ ಬರುವುದು ಅಪರೂಪ. ಅವರಿಗೆ ಕಂಡದ್ದು ಇಷ್ಟೇ: ರಿಟರ್ನ್ ತಡವಾಗುತ್ತಿಲ್ಲ, ಆಡಿಟರು ಗೊಣಗುತ್ತಿಲ್ಲ. “ಮುದುಕನ ಕೈಗೆ ಹೊಸ ರಕ್ತ ಬಂದೈತೇನಪಾ” ಎಂದು ನನ್ನ ಬೆನ್ನು ತಟ್ಟಿದರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೈ ಅವಳದು, ಬಾಯಿ ನನ್ನದು. ಆ ಮೊಸರು ನನಗೆ ರುಚಿಸಿತು.

ವರ್ಷ ಮುಗಿಯುತ್ತ ಬಂದಾಗ ಒಂದು ದಿನ ಬುತ್ತಿ ಬಿಚ್ಚುತ್ತ ಶರಣಮ್ಮ ಹೇಳಿದಳು: “ಸರ್, ಕಾಯಂ ಆದ್ರ ನಮ್ಮವ್ವ ಗುರುಗುಂಟಾದವರಿಗಿ ಇಲ್ಲ ಅಂತ ಹೇಳ್ತಾಳಂತ್ರಿ. ಇಲ್ಲಾಂದ್ರ ಮಾವಗ ಕೊಡೋದ ನಿಕ್ಕಿ.” ಮಾವನೆಂದರೆ ಗುರುಗುಂಟಾದಲ್ಲಿದ್ದ ತಾಯಿಯ ತಮ್ಮ. ನಮ್ಮಲ್ಲಿ ಸೋದರಮಾವ ಕೇಳಿದರೆ ಇಲ್ಲ ಎನ್ನುವುದು ಸುಲಭವಲ್ಲ, ಒಂದು ಬಲವಾದ ನೆಪ ಬೇಕು. ಅವನ ಮೊದಲ ಹೆಂಡತಿ ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಯಾಕೆ ಎಂದು ಕೇಳಿದೆ. “ಕುಡದಾಗ ಕೈ ಹಿಡತದಾಗ ಇರಾಂಗಿಲ್ಲಂತ್ರಿ” ಎಂದು ರೊಟ್ಟಿ ಮುರಿದಳು. ಹೆದರಬೇಡ, ನಾನಿದ್ದೇನೆ ಎಂದೆ.

ಅದೇ ವಾರ ಸಾಹುಕಾರರು ನಗುತ್ತ ಅಂದರು: “ಪಂಪಣ್ಣ, ಈಕಿ ತಯಾರಾದ್ಲಂದ್ರ ನೀ ಮನ್ಯಾಗ ಮೊಮ್ಮಕ್ಕಳನ್ನ ಆಡಿಸಿಕೋತ ಕುಂದರಬೌದು ನೋಡು.” ಚೇಷ್ಟೆಯೇ ಇರಬಹುದು. ನಾನೂ ನಕ್ಕೆ. ಆದರೆ ಆ ಮಾತು ಒಳಗೆ ಇಳಿದು ಕೂತಿತು. ಈ ಕುರ್ಚಿ ಬಿಟ್ಟರೆ ನಾನು ಯಾರು?

ತೀರ್ಮಾನದ ದಿನ ನನ್ನೊಬ್ಬನನ್ನೇ ಒಳಗೆ ಕರೆದರು. ಶರಣಮ್ಮ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದಳು, ಕಿಟಕಿಯಿಂದ ಕಾಣುತ್ತಿದ್ದಳು. ಸಾಹುಕಾರರು ಅವಳ ಲಾಗಿನ್ ತೆಗೆಸಿ ನೋಡಿದರು.

“ಏನಪಾ ಇದು, ಈಕಿ ಹೆಸರ್ನಾಗ ಒಂದ ಎಂಟ್ರಿನೂ ಇಲ್ಲ! ವರ್ಷ ಪೂರ್ತಿ ಏನ್ ಮಾಡ್ಯಾಳ?”

ಒಂದು ಮಾತು ಸಾಕಿತ್ತು. ಅವಳು ಮಾಡಿದ್ದೆಲ್ಲ ನನ್ನ ಲಾಗಿನ್‌ನೊಳಗೆ ಇದೆ ಎಂದರೆ ಮುಗಿಯುತ್ತಿತ್ತು. ನಾಲಿಗೆಗೆ ಎಲುಬಿಲ್ಲ — ನನ್ನದಕ್ಕೆ ಅಂದು ನಾಚಿಕೆಯೂ ಇರಲಿಲ್ಲ.

“ಕುಂತು ನೋಡ್ಯಾಳ್ರಿ” ಎಂದೆ. “ಕೈ ಪಳಗಿಲ್ಲ.”

ಹೊರಗೆ ಬಂದವನು ಇನ್ನೊಂದು ಹೇಳಿದೆ. ಮೊದಲನೆಯದಕ್ಕಿಂತ ಇದು ಹೊಲಸು. “ನಿನ್ನ ಸಲುವಾಗಿ ಭಾಳ ಹೇಳಿದ್ನೆವ್ವ, ಸಾಹುಕಾರ್ರು ಒಪ್ಪಲಿಲ್ಲ.” ಅವಳು ಅಳಲಿಲ್ಲ. “ನೀವರ ಏನ್ ಮಾಡ್ತೀರಿ ಸರ್” ಎಂದು ನನ್ನನ್ನೇ ಸಮಾಧಾನ ಮಾಡಿ, ಬುತ್ತಿಯ ಡಬ್ಬಿ ತೆಗೆದುಕೊಂಡು ಬಸ್ಸಿಗೆ ಹೋದಳು. ಮುಂದೆ ಆ ಮಾವನ ಜೊತೆಗಿನ ಮದುವೆಗೆ ಕರೆದಿದ್ದಳು. ನಾನು ಹೋಗಲಿಲ್ಲ.

ಈ ವರ್ಷ ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ “ಸರ್, ಆರಾಮದೀರಿ?” ಎಂಬ ದನಿ ಕೇಳಿ ತಿರುಗಿದೆ. ಗುರುತು ಹತ್ತಲು ಹೊತ್ತು ಬೇಕಾಯಿತು. ಸೆರಗು ಮುಖದ ಒಂದು ಕಡೆಗೆ ಎಳೆದುಕೊಂಡಿದ್ದಳು. ಗಾಳಿಗೆ ಸರಿದಾಗ ಕಣ್ಣಿನ ಕೆಳಗೆ ಹಳದಿಗೆ ತಿರುಗಿದ ಏಟಿನ ಗುರುತು ಕಂಡಿತು. ನಾನು ನೋಡಿದೆನೆಂದು ಅವಳಿಗೆ ತಿಳಿಯಿತು. ಬೇಗನೆ ಪಕ್ಕದಲ್ಲಿದ್ದ ಪುಟ್ಟ ಮಗಳನ್ನು ಮುಂದಕ್ಕೆ ದೂಡಿದಳು. “ಇವ್ರ ನನ್ನ ಗುರುಗಳವ್ವ. ನನಗ ಲೆಕ್ಕ ಕಲಿಸಿದವ್ರು, ನನ್ನ ಸಲುವಾಗಿ ಸಾಹುಕಾರ್ರ ಕೂಡ ಜಗಳ ಮಾಡಿದವ್ರು. ಕಾಲಿಗಿ ಬೀಳು.”

ಮಗು ಬಿತ್ತು. ನಾನು ಕಾಲು ಹಿಂದೆಗೆಯಲಿಲ್ಲ. ತಲೆಯ ಮೇಲೆ ಕೈ ಇಟ್ಟು, ಶಾಣ್ಯಾಕಿ ಆಗವ್ವ ಎಂದು ಹರಸಿದೆ — ಈ ಬಾಯಿಯಿಂದಲೇ.

ಮರುದಿನ ಸಾಹುಕಾರರ ಮುಂದೆ ನಿಂತು ಎಲ್ಲ ಹೇಳಿದೆ. ಕೆಲಸ ಹೋಗುತ್ತದೆ, ಹೋಗಲಿ ಎಂದೇ ಹೋಗಿದ್ದೆ. ಅವರು ಕೇಳಿ, “ಹೋಗ್ಲಿ ಬಿಡಪಾ, ಹಳೇ ಮಾತು” ಎಂದರು. ಈಗಲಾದರೂ ಅವಳನ್ನು ಕರೆಸಿರಿ ಎಂದು ಬೇಡಿದೆ. “ಲಗ್ನ ಆದಾಕಿ, ಕೂಸಿನ ತಾಯಿ. ಎಲ್ಲಿ ಬರ್ತಾಳ?” ಎಂದು ಚಹಾ ತರಿಸಿದರು. ನನ್ನ ಸುಳ್ಳಿಗೆ ಒಂದು ಬದುಕು ಹೋಗಿತ್ತು, ನನ್ನ ನಿಜಕ್ಕೆ ಒಂದು ಕಪ್ ಚಹಾ ಬಂತು. ಅದನ್ನೂ ಕುಡಿದೆ.

ಇಷ್ಟು ಬರೆದವನು ಅವಳಿರುವ ಗುರುಗುಂಟಾಕ್ಕೆ ಇನ್ನೂ ಹೋಗಿಲ್ಲ. ತನ್ನ ಪರವಾಗಿ ಲೋಕದಲ್ಲಿ ಒಬ್ಬನಾದರೂ ಮಾತಾಡಿದ್ದ ಎಂಬ ನೆನಪು ಏಟು ಬಿದ್ದ ದಿನ ಅವಳಿಗೆ ಆಸರೆಯಾಗಿರಬಹುದು, ಅದನ್ನೂ ಕಿತ್ತುಕೊಳ್ಳಲೇ ಎಂದು ಕೇಳಿಕೊಂಡೆ. ಆಮೇಲೆ ಗೊತ್ತಾಯಿತು — ಇದೂ ನನ್ನ ಅಂಜಿಕೆಯೇ, ಕರುಣೆಯ ಅಂಗಿ ತೊಟ್ಟು ಬಂದಿದೆ. ಅವಳಿಗೆ ಕೆಲಸ ಬರುತ್ತಿತ್ತು. ಅದು ಅವಳಿಗೆ ತಿಳಿಯಬೇಕು, ಅವಳ ಮಗಳಿಗೂ ತಿಳಿಯಬೇಕು.

ಸೋಮವಾರ ಗಿರಣಿಗೆ ರಜೆ. ಹೋಗುತ್ತೇನೆ. ಆ ಮಗು ಮತ್ತೆ ಕಾಲಿಗೆ ಬೀಳಲು ಬಂದರೆ ಮೊದಲು ಕಾಲು ಹಿಂದಕ್ಕೆ ತೆಗೆದುಕೊಳ್ಳಬೇಕು. ಮಾತು ಆಮೇಲೆ.