ಶೀಳನೆರೆಯ ಬೆಲ್ಲದ ಕಾಫಿ

ಶೀಳನೆರೆ ಹಳ್ಳಿಯಲ್ಲಿ ನಾವು ಉಳಿದುಕೊಂಡಿದ್ದ ಮನೆಯಲ್ಲಿ, ನನ್ನ ಗಂಡನ ಅಕ್ಕ ಜಯಮ್ಮ ಬೆಳಿಗ್ಗೆ ಎಂದಿನಂತೆ ಅಂಗಳ ಸಾರಿಸಿ ಕಾಫಿ ಕಾಯಿಸಿದರು. ಅವರಿಗೆ ಸಕ್ಕರೆ ಕಾಯಿಲೆ. ಕಾಲ್ಬೆರಳಿನ ಹುಣ್ಣಿಗೆ ಹಳೇ ಸೀರೆಯ ಚೂರು ಸುತ್ತಿದ್ದರು. ಎದುರಿನ ಶಾಲೆಯ ಗೋಡೆಯ ಮೇಲೆ ಸರ್ಕಾರದ ಹೊಸ ಬರಹವಿತ್ತು: ‘ಸಕ್ಕರೆ ಬಿಡಿ, ದಿನವೂ ನಡೆಯಿರಿ.’

“ಅದ ಬರ್ದಾಗಿಂದ ಸಕ್ಕರೆ ಮುಟ್ಟಿಲ್ಲ ಕಣವ್ವ. ದಿನಾ ಕೆರೆಗಂಟ ನಡೀತೀನಿ, ಬರಿಗಾಲಲ್ಲೇ,” ಎನ್ನುತ್ತ ತಮ್ಮ ಲೋಟಕ್ಕೆ ನಿಂಬೆಗಾತ್ರದ ಬೆಲ್ಲ ಹಾಕಿಕೊಂಡರು.

ಮುಂದಿನ ಬಸ್ಸಿಗೇ ಅವರನ್ನು ಕೆ.ಆರ್. ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಹುಣ್ಣಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿ, ಬೆಲ್ಲವೂ ಸಕ್ಕರೆಯೇ, ಹುಣ್ಣು ಕೊಳೆತು ಮೇಲಕ್ಕೇರಿದೆ, ಪಾದ ಕತ್ತರಿಸಿ ತೆಗೆಯಲೇಬೇಕು ಎಂದರು. ಜಯಮ್ಮ ಸೆರಗಿನಿಂದ ಕಾಲು ಮುಚ್ಚಿಕೊಂಡರು.

ಸಂಜೆ ಸುದ್ದಿ ಕೇಳಿದ ಪಕ್ಕದ ಮನೆಯ ಗೌರಮ್ಮ ಎಲೆಅಡಿಕೆ ಉಗುಳಿ ಅಂದರು: “ಡಾಕ್ಟ್ರಿಗೇನ್ ಗೊತ್ತು ಬುಡಿ. ಸಕ್ಕರೆ ಫ್ಯಾಕ್ಟ್ರೀದು. ಬೆಲ್ಲ ನಮ್ ಗದ್ದೇದು ಕಣವ್ವ, ಅದೇನ್ ಮಾಡೀತು?”