ಪಂಚರ್ ಮಾವನಿಗೆ ಬಂದ ಟ್ಯೂಬ್‌ಲೆಸ್ ಸಂಕಟ

ಎಲ್ಲರ ಹಣೆಯಲ್ಲೂ ಏನೇನೋ ಬರೆದಿರುತ್ತದೆ, ಈ ಮನುಷ್ಯನ ಹಣೆಯಲ್ಲಿ ಮಾತ್ರ ಮೊಳೆ ಬರೆದಿದೆ ಎನ್ನುತ್ತಿದ್ದರು ನೆರೆಹೊರೆಯವರು.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವರದು. ಅಂಗಡಿಗೂ ಮನೆಗೂ ನಡುವೆ ಇದ್ದದ್ದು ಒಂದು ಸೇತುವೆ, ಒಂದು ಇಳಿಜಾರು, ಅಷ್ಟೆ. ಅಷ್ಟರಲ್ಲೇ ಲೋಕದ ಮೊಳೆಗಳೆಲ್ಲ ಸಭೆ ಸೇರಿ ಅವರ ಸೈಕಲ್ಲಿಗಾಗಿ ಕಾಯುತ್ತಿದ್ದವು. ಎಂಥ ಶಿಸ್ತಿನ ಮೊಳೆಗಳೆಂದರೆ, ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಒಂದೂ ತಲೆ ಎತ್ತುತ್ತಿರಲಿಲ್ಲ. ಸಂಜೆ ಮನೆಗೆ ಬರುವಾಗಲೇ ಚುಚ್ಚಬೇಕು. ಹೀಗಾಗಿ ಬೀದಿಗೆಲ್ಲ ಅವರು ಪಂಚರ್ ಮಾವ.

ನಿಜ ಹೇಳಬೇಕೆಂದರೆ ಟ್ಯೂಬು ಕಲ್ಲುಗುಂಡಿನ ಹಾಗಿತ್ತು. ಸೇತುವೆಯ ಪಕ್ಕದಲ್ಲೊಂದು ಕಲ್ಲುಬೆಂಚು. ಮಾವ ಸೈಕಲ್ ಒರಗಿಸಿ ಅಲ್ಲಿ ಅರ್ಧ ಗಂಟೆ ಕೂರುತ್ತಿದ್ದರು. ಇಸ್ಪೀಟಿಲ್ಲ, ಬೀಡಿಯಿಲ್ಲ, ಹರಟೆಯಿಲ್ಲ. ಸುಮ್ಮನೆ. ಮನೆಯಲ್ಲಿದ್ದ ಹೆಂಡತಿ, ಹೆಂಡತಿಯ ಅಕ್ಕ, ಅತ್ತೆ ಮೂವರೂ ಅಪರಂಜಿಯಂಥವರು. ಮಾವನಿಗೆ ಒಂದು ಗಳಿಗೆಯೂ ಬೇಜಾರಾಗದಂತೆ ನೋಡಿಕೊಳ್ಳುತ್ತಿದ್ದರು. ಚಪ್ಪಲಿ ಬಿಡುವಷ್ಟರಲ್ಲಿ ಒಬ್ಬರು ಬಿಗಿಯಾದ ಡಬ್ಬಿ ಹಿಡಿದು ಬಂದರೆ, ಇನ್ನೊಬ್ಬರು ಸೋರುವ ನಲ್ಲಿ ತೋರಿಸುತ್ತಿದ್ದರು, ಅತ್ತೆ ಸೂಜಿ ದಾರ ಚಾಚುತ್ತಿದ್ದರು. ಆ ಅರ್ಧ ಗಂಟೆಯೊಂದೇ ಮಾವನ ಸ್ವಯಾರ್ಜಿತ.

ನಮ್ಮ ಸುಳ್ಳನ್ನು ಜನ ನಂಬಿದರೆ ಪರವಾಗಿಲ್ಲ. ನಂಬಿ ಮರುಗಿದರೋ, ಕೆಟ್ಟೆವು. ಮಾವನ ಪಾಡು ನೋಡಲಾರದೆ ಅಳಿಯ ಹೊಸ ಚಕ್ರಗಳನ್ನೇ ತಂದು ಹಾಕಿಸಿದ.

"ಇದ್ರಲ್ಲಿ ಟ್ಯೂಬೇ ಇಲ್ಲ ಮಾವ. ಒಳಗೆ ಹಾಲಿನ ಥರ ದ್ರವ ಇದೆ. ಮೊಳೆ ಚುಚ್ಚಿದ್ರೆ ಅದೇ ಹೋಗಿ ತೂತು ಮುಚ್ಚುತ್ತೆ."

"ಟ್ಯೂಬಿಲ್ದೆ ಗಾಳಿ ಹೇಗಪ್ಪ ನಿಲ್ಲುತ್ತೆ?"

"ಟೈರಿನ ಅಂಚು ರಿಮ್ಮನ್ನ ಕಚ್ಚಿ ಹಿಡ್ಕೊಂಡಿರುತ್ತೆ."

"ಬಿಟ್ಟುಬಿಟ್ರೆ?" ಮಾವನ ದನಿಯಲ್ಲಿ ಆಸೆಯಿತ್ತು.

"ಗಾಳಿ ಸರಿಯಾಗಿದ್ರೆ ಬಿಡಲ್ಲ. ಢಂ ಅಂತ ಒಡೆಯೋ ಭಯಾನೂ ಕಮ್ಮಿ. ಆ ದ್ರವ ಒಣಗುತ್ತೆ, ಕೆಲವು ತಿಂಗಳಿಗೊಂದ್ಸಲ ತುಂಬಿಸ್ಬೇಕು, ಅಷ್ಟೆ."

"ಅಳಿಯ ಅಂದ್ರೆ ಇವನಪ್ಪ," ಎಂದರು ಅತ್ತೆ. ಮಾವನ ಮುಖ ಮಾತ್ರ ಹರಳೆಣ್ಣೆ ಕುಡಿದಂತಿತ್ತು.

ಅಂದಿನಿಂದ ಮಾವ ಸರಿಯಾದ ಹೊತ್ತಿಗೆ ಮನೆ ಸೇರತೊಡಗಿದರು. ನಲ್ಲಿಗಳು ಸೋರುವುದನ್ನು ನಿಲ್ಲಿಸಿದವು, ಮಾವ ನಗುವುದನ್ನು. ತಡೆಯಲಾರದೆ ಒಂದು ಸಂಜೆ ಸೇತುವೆಯ ಬಳಿ ತಾವೇ ಟೈರಿಗೆ ಮೊಳೆ ಚುಚ್ಚಿ ಎಳೆದರು. ತೂತಿನಿಂದ ಬಿಳಿ ನೊರೆ ಬಂತು, ಗುಳುಗುಳು ಎಂದಿತು, ನಿಂತುಹೋಯಿತು. ಗಾಳಿ ಇದ್ದಲ್ಲೇ ಇತ್ತು. ಇಂಥ ನಂಬಿಕಸ್ಥ ವಸ್ತುವನ್ನು ಮನುಷ್ಯ ಏನು ಮಾಡಿಯಾನು? ಆಗ ಮಾವ ತಮ್ಮ ಬುದ್ಧಿಯನ್ನೆಲ್ಲ ಖರ್ಚು ಮಾಡಿ ಒಂದು ಉಪಾಯ ಹೂಡಿದರು: ದ್ರವ ತುಂಬಿಸಲಿಲ್ಲ, ಗಾಳಿಯನ್ನೂ ಮುಟ್ಟಿ ನೋಡಲಿಲ್ಲ.

ಉಪಾಯ ಫಲಿಸಿತು. ಮೆತ್ತಗಾದ ಟೈರು ಇಳಿಜಾರಿನ ತಿರುವಿನಲ್ಲಿ ರಿಮ್ ಬಿಟ್ಟು ಜಾರಿತು. ಮಾವ ಮೋರಿಗೆ ಬಿದ್ದು ಭುಜದ ಮೂಳೆ ಮುರಿದುಕೊಂಡರು.

ಸೈಕಲ್ ರಿಪೇರಿಯವನು ಟೈರು ಬಿಚ್ಚಿ ಮಾವನ ಹೆಂಡತಿಗೆ ತೋರಿಸಿದ. "ಒಳಗೆ ತೊಟ್ಟು ದ್ರವ ಇಲ್ಲಮ್ಮ. ಇಲ್ನೋಡಿ, ಮೊಳೆ ಗುರುತು. ಪಕ್ಕದಲ್ಲಿ ಚುಚ್ಚಿದೆ. ರಸ್ತೇಲಿರೋ ಮೊಳೆ ಪಕ್ಕದಿಂದ ಹತ್ತಲ್ಲ."

ಆಕೆ ಮನೆಗೆ ಬಂದು ಮಂಚದ ತುದಿಯಲ್ಲಿ ಕೂತಳು. "ಯಾರ್ರೀ ಚುಚ್ಚಿದ್ದು?"

ಮಾವ ಛಾವಣಿ ನೋಡಿದರು. "ನಾನೇ. ಸಂಜೆ ಅರ್ಧ ಗಂಟೆ ಯಾರೂ ಕರೀದೆ ಇದ್ರೆ ಸಾಕಿತ್ತು ಕಣೆ."

"ಇಷ್ಟಕ್ಕೆ ಇಷ್ಟು ವರ್ಷ ಟೈರಿನ ಮೇಲೆ ಗೂಬೆ ಕೂರಿಸಿದ್ರಾ? ಬಾಯಿಬಿಟ್ಟು ಕೇಳಿದ್ರೆ ಮುತ್ತು ಉದುರ್ತಿತ್ತಾ?"

"ಕೇಳಿದ್ರೆ ಬಿಡ್ತಿದ್ಯಾ?"

ಆಕೆ ಪ್ರಾಮಾಣಿಕಳು. "ಬಿಡ್ತಿರ್ಲಿಲ್ಲ," ಎಂದಳು.

ಮೂಳೆ ಕೂಡಿದ ಮೇಲೆ ಸೈಕಲ್ ಅಳಿಯನ ಮನೆ ಸೇರಿತು. ಅಲ್ಲಿ ಅದು ಇವತ್ತಿಗೂ ಪಂಚರ್ ಆಗಿಲ್ಲವಂತೆ. ಮಾವ ದಿನಾ ಸಂಜೆ ನಡೆದೇ ಬೆಂಚಿಗೆ ಹೋಗತೊಡಗಿದರು. ಅವರು ಚಪ್ಪಲಿ ಮೆಟ್ಟುತ್ತಿರುವಾಗ ಒಳಗಿನಿಂದ ಅತ್ತೆ ಕರೆದರೆ, ಹೆಂಡತಿ ಅವರ ಎದುರಲ್ಲೇ ನಿಂತು, "ಅವ್ರು ಮನೇಲಿಲ್ಲಮ್ಮ," ಎನ್ನುತ್ತಿದ್ದಳು.

ಹೀಗೆ ಎಷ್ಟೋ ವರ್ಷ. ಅತ್ತೆ ಹೋದರು, ಅಂಗಡಿಯ ಕೆಲಸ ನಿಂತಿತು, ಬೆಂಚು ದೂರವಾಗುತ್ತ ಬಂತು. ಆ ಕೊನೆಯ ಸಂಜೆ ಹೆಂಡತಿ ಬಾಗಿಲ ತನಕ ಬಂದಳು.

"ಮೋಡ ಆಗಿದೆ, ಕೊಡೆ ಹಿಡ್ಕೊಳ್ರಿ."

"ಬರೋಷ್ಟರಲ್ಲಿ ಮಳೆ ಬರಲ್ಲ."

"ಯಾರಾದ್ರೂ ಬಂದು ಕೇಳಿದ್ರೆ ಏನನ್ಲಿ?"

"ಏನೂ ಕೆಲಸ ಇಲ್ಲ, ಸುಮ್ನೆ ಕೂರೋಕೆ ಹೋಗಿದಾರೆ ಅನ್ನು."

ಹತ್ತಿರದವರು ಅವರನ್ನು ಬೆಂಚಿನಿಂದ ಎತ್ತಿ ತರಬೇಕಾಗಿ ಬಂದದ್ದು ಆಮೇಲಿನ ಮಾತು. ಹೊರಡುವಾಗ ಮಾವ ಕೊಡೆಯನ್ನು ಗೂಟಕ್ಕೆ ತಗುಲಿಹಾಕಿ, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲಿಳಿದು, ಬೀದಿಗೆ ನಡೆದರು.