ಸಿಹಿ ಮಾತಿನ ವಾರ್ಡಿನಲ್ಲಿ ಕೋರಲ್ ಸಿಸ್ಟರ್

ಬೂಲಂಡ್ರಾ ಜಿಲ್ಲಾ ಆಸ್ಪತ್ರೆಯಲ್ಲಿ ನಲವತ್ತೊಂದು ವರ್ಷಗಳ ಸುದೀರ್ಘ ಸೇವೆ ಸಲ್ಲಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಕೋರಲ್ ಹ್ಯಾನಿಗನ್ ಅವರು ಈ ಸೀಮೆಯ ಸೂಲಗಿತ್ತಿಯರಲ್ಲಿ ಅಗ್ರಗಣ್ಯರು. ಊರಿನ ಅರ್ಧದಷ್ಟು ಜನ ಹುಟ್ಟಿದೊಡನೆ ಕಂಡ ಮೊದಲ ಮುಖ ಅವರದೆಂದು ಮೇಯರ್ ಅವರು ಈ ಅಭಿನಂದನ ಸಂಪುಟದ ಮುನ್ನುಡಿಯಲ್ಲಿ ಬರೆದಿರುವುದು ಅತಿಶಯೋಕ್ತಿಯಲ್ಲ. ಅವರ ಕೈಕೆಳಗೆ ಕೆಲಸ ಕಲಿತವಳು, ಈಗ ಅದೇ ಹೆರಿಗೆ ವಾರ್ಡಿನ ಮುಖ್ಯಸ್ಥೆ ಎಂಬ ಕಾರಣಕ್ಕೆ ಅಭಿನಂದನ ಸಮಿತಿಯವರು ಈ ಲೇಖನವನ್ನು ನನಗೆ ವಹಿಸಿದರು. "ಸಿಹಿಯಾಗಿ ಬರಿ ರೋವೀನಾ ಚಿನ್ನ, ಹಳೇದನ್ನೆಲ್ಲ ಕೆದಕಬೇಡ" ಎಂಬ ಸಲಹೆಯೂ ಜೊತೆಗೆ ಬಂತು. ಸಿಹಿಯಾಗಿಯೇ ಒಂದು ಲೇಖನ ಬರೆದೆ. ಓದಿ ನೋಡಿದಾಗ ನಾಚಿಕೆಯಾಯಿತು. ಅದನ್ನು ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಹೆಂಗಸರದೇ ವಾರ್ಡು. ಚಿನ್ನ, ಬಂಗಾರ ಎನ್ನದೆ ಇಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ. ಆಜ್ಞೆ ಮಾಡುವುದಂತೂ ಮಹಾಪಾಪ. ಮೂರನೇ ಮಂಚದ ಬಾಣಂತಿಗೆ ರಕ್ತ ಹರಿಯುತ್ತಿದ್ದರೂ "ತಪ್ಪು ತಿಳ್ಕೋಬೇಡ ಬಂಗಾರ, ಪುರುಸೊತ್ತಾದ್ರೆ ಆ ಕಡೆ ಒಂಚೂರು ನೋಡ್ತೀಯಾ?" ಎಂದೇ ಕೇಳಬೇಕು. ಬೆಳಗಿನ ಚಹಾಕ್ಕೆ ದಿನಕ್ಕೊಬ್ಬರಂತೆ ಮನೆಯಲ್ಲೇ ಮಾಡಿದ ಲ್ಯಾಮಿಂಗ್ಟನ್ ಕೇಕನ್ನೋ ನಿಂಬೆಯ ತಿನಿಸನ್ನೋ ತರಬೇಕು. ಕೋರಲ್ ಅವರು ತಮ್ಮ ಸರದಿಯ ದಿನ ಅಂಗಡಿಯ ಬಿಸ್ಕತ್ತಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು, "ನಂಗೆ ಬೇಯ್ಸೋಕೆ ಬರಲ್ಲ. ಬಂದ್ರೂ ಮಾಡ್ತಿರ್ಲಿಲ್ಲ. ತಿನ್ನಿ" ಎನ್ನುತ್ತಿದ್ದರು. ಕೆಲವು ತಿಂಗಳಾದ ಮೇಲೆ, ಅವರಿಗೆ ತೊಂದರೆ ಬೇಡವೆಂಬ ನೆಪದಲ್ಲಿ, ಸರದಿಯ ಪಟ್ಟಿಯಿಂದ ಅವರ ಹೆಸರನ್ನೇ ತೆಗೆದೆವು. ಬೆಣ್ಣೆಯಿಂದ ಕೂದಲು ತೆಗೆಯುವುದರಲ್ಲಿ ನಾವು ನಿಪುಣರು.

ಸಾವಿರದ ಒಂಬೈನೂರ ತೊಂಬತ್ತನಾಲ್ಕರಲ್ಲಿ ನಾನು ತರಬೇತಿಗೆ ಬಂದೆ. ಹೆರಿಗೆಯ ನಂತರ ಹೊಲಿಗೆ ಹಾಕುವಾಗ ರಕ್ತ ಹೀರಲು ಬಳಸಿದ ಗಾಜ್ ಬಟ್ಟೆಯ ತುಂಡುಗಳನ್ನು ಇಬ್ಬರು ನಿಂತು ಗಟ್ಟಿಯಾಗಿ ಎಣಿಸಿ, ಇಬ್ಬರೂ ಸಹಿ ಮಾಡುವುದು ನಮ್ಮ ವೃತ್ತಿಯ ನಿಯಮ. ಮೊದಲ ತಿಂಗಳಲ್ಲೇ ನಾನು ಅವಸರದಲ್ಲಿ ಹತ್ತು ಎಂದೆ. "ಒಂಬತ್ತೇ ಇರೋದು. ಮತ್ತೆ ಎಣಿಸು" ಎಂದರು ಕೋರಲ್ ಅವರು, ಡಾಕ್ಟರರ ಎದುರಿಗೇ. ಹತ್ತನೆಯದು ಮಂಚದ ಕೆಳಗೆ ಸಿಕ್ಕಿತು. ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಒಂದು ಲೋಟ ನೀರು ಕೊಟ್ಟು ಮುಂದಿನ ಹೆರಿಗೆಗೆ ಕರೆದುಕೊಂಡು ಹೋದರು. ನನ್ನ ಮಗನಿಗೆ ಉಬ್ಬಸ ಕಾಡುತ್ತಿದ್ದ ವರ್ಷಗಳಲ್ಲಿ ಮೂರು ಕ್ರಿಸ್‌ಮಸ್ ದಿನ ನನ್ನ ಪಾಳಿಯನ್ನು ಯಾರೋ ಸದ್ದಿಲ್ಲದೆ ಮಾಡಿಕೊಟ್ಟಿದ್ದರು. ಅದು ಕೋರಲ್ ಅವರೆಂದು ಎಷ್ಟೋ ಕಾಲದ ನಂತರ ಹಳೆಯ ಪಾಳಿಪಟ್ಟಿ ತಿರುವುವಾಗ ತಿಳಿಯಿತು. ಅವರ ಬಾಯಿಂದ ಚಿನ್ನ ಎಂಬ ಮಾತನ್ನು ನಾನು ಒಮ್ಮೆಯೂ ಕೇಳಲಿಲ್ಲ.

ಎರಡು ಸಾವಿರದ ಹನ್ನೆರಡರ ಮಾರ್ಚಿನಲ್ಲಿ ನಮ್ಮೆಲ್ಲರ ಮುದ್ದಿನ ಲೆನೋರ್ ಸಿಸ್ಟರ್ ಎಣಿಕೆ ಮುಗಿಸಿ ಸಹಿಯ ಹಾಳೆ ಮುಂದೆ ಮಾಡಿದಾಗ, ಕೋರಲ್ ಅವರು ಲೇಖನಿ ಮುಟ್ಟಲಿಲ್ಲ.

"ನಂಗೆ ಕೇಳಿಸ್ಲಿಲ್ಲ ಲೆನೋರ್. ಗಟ್ಟಿಯಾಗಿ ಇನ್ನೊಂದ್ಸಲ ಎಣಿಸು."

"ನನ್ಮೇಲೆ ನಂಬಿಕೆ ಇಲ್ವಾ ಸಿಸ್ಟರ್?"

"ನಂಬಿಕೆ ಬೇರೆ, ಎಣಿಕೆ ಬೇರೆ. ಎಣಿಸು."

ಎಣಿಸಿದಾಗ ಲೆಕ್ಕ ಸರಿಯಾಗಿಯೇ ಇತ್ತು. ಅಲ್ಲಿಗೆ ಕೋರಲ್ ಅವರ ಗ್ರಹಚಾರ ಕೆಟ್ಟಿತು. ಲೆನೋರ್ ಚಹಾ ಕೋಣೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ನಾವೆಲ್ಲ ಸುತ್ತುವರಿದು ಬೆನ್ನು ಸವರಿದೆವು. "ಏನ್ ಜಂಭ ಕಣೇ ಆಯಮ್ಮಂಗೆ!" ಎಂದಳು ಒಬ್ಬಳು. "ಮಕ್ಕಳಿಲ್ಲವಲ್ಲ, ಮೆತ್ತಗಿನ ಮನಸ್ಸು ಎಲ್ಲಿಂದ ಬರ್ಬೇಕು?" ಎಂದಳು ಇನ್ನೊಬ್ಬಳು. ನಮ್ಮ ದೊಡ್ಡ ಡಾಕ್ಟರು ಉಪಕರಣದ ತಟ್ಟೆಯನ್ನೇ ಗೋಡೆಗೆ ಎಸೆದ ದಿನ, ಪಾಪ ಕೆಲಸದ ಒತ್ತಡ ಎಂದು ಅವರಿಗೆ ಕೇಕು ಕಳಿಸಿದ್ದವರೂ ನಾವೇ. ಗಂಡಸು ಗದರಿದರೆ ಶಿಸ್ತು, ಹೆಂಗಸು ಮತ್ತೆ ಎಣಿಸು ಎಂದರೆ ಸೊಕ್ಕು. ಈ ನ್ಯಾಯವನ್ನು ಯಾವ ಗಂಡಸೂ ಬಂದು ನಮಗೆ ಹೇಳಿಕೊಡಬೇಕಾಗಿರಲಿಲ್ಲ.

ಅಂದು ಸಂಜೆಯೊಳಗೆ ಆಡಳಿತ ವರ್ಗಕ್ಕೆ ಒಂದು ಪತ್ರ ಸಿದ್ಧವಾಯಿತು. ಕೋರಲ್ ಅವರ ಮಾತಿನ ಧಾಟಿಯಿಂದ ವಾರ್ಡಿನ ಸೌಹಾರ್ದಕ್ಕೆ ಧಕ್ಕೆಯಾಗುತ್ತಿದೆಯೆಂದೂ, ಅವರ ಆರೋಗ್ಯದ ಬಗ್ಗೆ ನಮಗೆ ಕಳಕಳಿಯಿದೆಯೆಂದೂ, ಹೆರಿಗೆಯ ಕೆಲಸಕ್ಕೆ ಬೇಕಾದ ಮೃದುತ್ವ ಅವರಲ್ಲಿ ಉಳಿದಿಲ್ಲವೆಂದೂ ಅದರಲ್ಲಿತ್ತು. ಏಳು ಜನ ಸಹಿ ಹಾಕಿದೆವು. ಬರೆದವಳು ನಾನು. ತಿಂಗಳೊಳಗೆ ಅವರನ್ನು ಹೊರರೋಗಿ ವಿಭಾಗಕ್ಕೆ ವರ್ಗ ಮಾಡಿದರು. ಮೂವತ್ತು ವರ್ಷ ಮಗು ಹಿಡಿದ ಕೈಗಳು ಅಂದಿನಿಂದ ರಕ್ತದೊತ್ತಡ ಅಳೆಯತೊಡಗಿದವು. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುತ್ತಾರಲ್ಲ, ನಾವು ಹೆಂಗಸರು, ಒದೆಯಲಿಲ್ಲ. ಹೂಗುಚ್ಛ ಕೊಟ್ಟು ಕಳಿಸಿದೆವು.

ಆಮೇಲೆ ವಾರ್ಡು ತುಂಬ ಹಿತವಾಯಿತು. ಮುಂದಿನ ವರ್ಷ ಫೆಬ್ರವರಿಯಲ್ಲಿ ತಾಲಿಯಾ ಎಂಬ ಹುಡುಗಿಯ ಚೊಚ್ಚಲ ಹೆರಿಗೆಯಾದಾಗ ಎಣಿಸಿದವಳು ಲೆನೋರ್, ಜೊತೆಗಿದ್ದವಳು ನಾನು. "ಒಂದ್ಸಲ ನೋಡ್ತೀಯಾ?" ಎಂದು ಅವಳೇ ಕೇಳಿದಳು. "ಅಯ್ಯೋ ಬಿಡು ಚಿನ್ನ, ನಿನ್ಮೇಲೆ ನಂಬಿಕೆ ಇಲ್ವಾ ನಂಗೆ?" ಎಂದು ನೋಡದೆಯೇ ಸಹಿ ಹಾಕಿದೆ. ಮನೆಗೆ ಹೋದ ತಾಲಿಯಾ ಜ್ವರವೆಂದು, ವಾಸನೆಯೆಂದು ಮೂರು ಬಾರಿ ಫೋನ್ ಮಾಡಿದಳು. "ಮೊದಲನೇದಲ್ವಾ ಬಂಗಾರ, ಹಂಗೇ ಇರುತ್ತೆ" ಎಂದು ಮೂರು ಬಾರಿಯೂ ಅಕ್ಕರೆಯಿಂದ ಹೇಳಿದೆವು. ಒಂಬತ್ತನೆಯ ದಿನ ಆಕೆ ಹೊರರೋಗಿ ವಿಭಾಗಕ್ಕೆ ಬಂದಳು. ಪರೀಕ್ಷಿಸಿದ ಕೋರಲ್ ಅವರು ಆಕೆಯ ಕೈ ಹಿಡಿದು, "ನಿನ್ನೊಳಗೆ ಗಾಜ್ ಬಟ್ಟೆ ಬಿಟ್ಟಿದ್ದಾರಮ್ಮ. ತಪ್ಪು ನಮ್ಮದು, ನಿಂದಲ್ಲ. ಈಗ್ಲೇ ಡಾಕ್ಟರನ್ನ ಕರೀತೀನಿ" ಎಂದರಂತೆ. ನಂಜೇರಿದ್ದ ಆಕೆ ನಗರದ ಆಸ್ಪತ್ರೆಯಲ್ಲಿ ಐದು ವಾರ ಮಲಗಿದಳು. ಬದುಕಿದಳು. ಎದೆಯ ಹಾಲು ಬತ್ತಿತು, ಆ ಐದು ವಾರ ಮಗು ತಾಯಿಯ ಗುರುತಿಲ್ಲದೆ ಅಜ್ಜಿಯ ಬಳಿ ಬೆಳೆಯಿತು. ತಾಲಿಯಾಳ ಅನುಮತಿ ಪಡೆದೇ ಇದನ್ನು ಬರೆದಿದ್ದೇನೆ.

ವಿಚಾರಣೆಯಲ್ಲಿ ಅದನ್ನು ವ್ಯವಸ್ಥೆಯ ಲೋಪವೆಂದು ತೀರ್ಮಾನಿಸಿದರು. ಮರುವರ್ಷ ನಾನು ವಾರ್ಡಿನ ಮುಖ್ಯಸ್ಥೆಯಾದೆ. ಕೋರಲ್ ಅವರನ್ನು ವಾಪಸು ಕರೆಸಲು ನನ್ನದೊಂದು ಸಹಿ ಸಾಕಿತ್ತು. ಕರೆಸಲಿಲ್ಲ. ಅವರ ಮುಖವನ್ನು ದಿನವೂ ನೋಡುವ ಧೈರ್ಯ ನನಗಿರಲಿಲ್ಲ, ಅಷ್ಟೇ. ಒಂಬತ್ತು ವರ್ಷ ಒಂದೇ ಕಟ್ಟಡದಲ್ಲಿ, ಮೆಟ್ಟಿಲಲ್ಲಿ ಎದುರಾದಾಗ ನಕ್ಕು ಪಕ್ಕಕ್ಕೆ ಸರಿದೆ.

ಇಲ್ಲಿಯವರೆಗೆ ಬರೆದ ಹಸ್ತಪ್ರತಿಯನ್ನು ಹಿಡಿದು ಕಳೆದ ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಕನ್ನಡಕ ಹಾಕಿಕೊಂಡು, ಒಂದು ಪದವನ್ನೂ ಬಿಡದೆ ಓದಿದರು.

"ನಿವೃತ್ತಿಯಾದ್ಮೇಲೆ ವಾರಕ್ಕೊಂದಿನ ಬಂದು ನಮ್ಮ ಹುಡುಗೀರಿಗೆ ಎಣಿಕೆ ಕಲಿಸ್ಕೊಡಿ ಸಿಸ್ಟರ್" ಎಂದೆ.

"ಆ ಕಾಗದ ಇನ್ನೂ ನನ್ನ ಕಡತದಲ್ಲಿದೆ ರೋವೀನಾ. ಮೃದುತ್ವ ಇಲ್ಲ, ಹೆರಿಗೆ ಕೆಲಸಕ್ಕೆ ನಾಲಾಯಕ್ಕು ಅಂತ. ಯಾವ ಮುಖ ಇಟ್ಕೊಂಡು ಬರ್ಲಿ?"

"ನಾನು ಬಹಿರಂಗವಾಗಿ ಕ್ಷಮೆ ಕೇಳ್ತೀನಿ."

"ನಿನ್ನ ಕ್ಷಮೆ ಕಟ್ಕೊಂಡು ನಾನೇನು ಮಾಡ್ಲಿ? ಸಹಿ ಹಾಕಿದೋರೇ ಹಿಂದಕ್ಕೆ ತಗೊಳ್ಳಿ. ಆಗ ಬರ್ತೀನಿ." ದನಿ ಏರಿಸದೆ ಇಷ್ಟು ಹೇಳಿ ಹಸ್ತಪ್ರತಿಯನ್ನು ನನ್ನ ಕೈಗೆ ಕೊಟ್ಟರು.

ಸೋಮವಾರವೇ ಆ ಪತ್ರವನ್ನು ಹಿಂಪಡೆಯುವ ಅರ್ಜಿ ಬರೆದೆ. ಉಳಿದ ಆರು ಜನರ ಬಳಿಗೂ ಹೋದೆ. ಎಲ್ಲರೂ ಚಹಾ ಕೊಟ್ಟರು. "ಆಗಿಹೋದ್ದಲ್ವಾ ಚಿನ್ನ, ಶುಭ ಸಮಾರಂಭದ ಹೊತ್ತಲ್ಲಿ ಯಾಕೆ?" ಎಂದರು. ಲೆನೋರ್ ನನ್ನನ್ನು ಅಪ್ಪಿಕೊಂಡು ಅತ್ತಳು, ಸಹಿ ಹಾಕಲಿಲ್ಲ. ಈ ಸಂಪುಟ ಅಚ್ಚಿಗೆ ಹೋಗುವ ಹೊತ್ತಿಗೆ ಅರ್ಜಿಯ ಮೇಲಿರುವುದು ನನ್ನ ಹೆಸರೊಂದೇ.

ಪೂಜ್ಯ ಕೋರಲ್ ಸಿಸ್ಟರ್, ಇಂಥ ಲೇಖನಗಳ ಕೊನೆಯಲ್ಲಿ ಆಯುರಾರೋಗ್ಯವನ್ನು ಹಾರೈಸುವುದು ವಾಡಿಕೆ. ನಾನೂ ಹಾರೈಸುತ್ತೇನೆ, ಆದರೆ ಅದು ನಿಮ್ಮ ಹಿತಕ್ಕಾಗಿ ಮಾತ್ರವಲ್ಲ. ನೀವು ಬಹುಕಾಲ ಬಾಳಬೇಕು. ನಮಗೆ ನಾಚಿಕೆ ಬರಲು ಇನ್ನೂ ಸಮಯ ಬೇಕಾಗಿದೆ.